ಪಕ್ಕದವನ ಕೊಟ್ಟಿಗೆಯ ಪೊಟ್ಯಾಷ್

2022ರ ಮೇ ತಿಂಗಳು. ನಾನಾಗ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯ ಕೃಷಿ ಅಧಿಕಾರಿ. ನನ್ನ ಜೊತೆಯಲ್ಲೇ ಓದಿ, ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಲೋಕೇಶ ಹಾಸನದಲ್ಲಿ ನನ್ನ ಮೇಲಧಿಕಾರಿ. ಈ ವಾಕ್ಯ ಬರೆಯುವಾಗ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಉಕ್ರೇನಿನಲ್ಲಿ ಯುದ್ಧ ಶುರುವಾಗಿ ಪೊಟ್ಯಾಷ್ ಗೊಬ್ಬರ ಸಿಗುವುದು ಕಷ್ಟವಾಗಿತ್ತು. ಆಲೂಗೆಡ್ಡೆ ದಪ್ಪವಾಗಲು ಬಿತ್ತುವಾಗಲೇ ಹಾಕಬೇಕಾದ ಗೊಬ್ಬರ ಅದು, ನಮಗೆ ಹಡಗಿನಲ್ಲೇ ಬರಬೇಕು. ಹಾಸನದ ಸಭೆಯಲ್ಲಿ ಲೋಕೇಶ ಪರದೆಯ ಮೇಲೆ ಭೂಪಟ ಹಾಕಿದ. ಯುದ್ಧ, ಗ್ಯಾಸಿನ ಬೆಲೆ, ಹಡಗಿನ ಬಾಡಿಗೆ, ಬಂದರು, ಕೊನೆಗೆ ನಮ್ಮ ಆಲೂಗೆಡ್ಡೆ ಹೊಲ ಎಂದು ಒಂದಕ್ಕೊಂದು ಬಾಣ ಎಳೆದು ತೋರಿಸಿದ. ಅರಕಲಗೂಡಿನವರು, ಚನ್ನರಾಯಪಟ್ಟಣದವರು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸದ್ದು ಬಾರದ ಹಾಗೆ. ಅವನು ಹೇಳಿದ್ದೆಲ್ಲ ಸರಿಯಾಗಿತ್ತು. ಒಂದಾದರೂ ತಪ್ಪಿದ್ದರೆ ನನಗೆ ಮಧ್ಯಾಹ್ನದ ಊಟ ರುಚಿಸುತ್ತಿತ್ತು.

ಹೋಬಳಿಗೆ ವಾಪಸಾದಾಗ ಕಚೇರಿಯ ಬಾಗಿಲಲ್ಲಿ ಜಯಮ್ಮ ಕೂತಿದ್ದರು. ಗುತ್ತಿಗೆಗೆ ಹಿಡಿದ ಒಂದೆಕರೆಯಲ್ಲಿ ವರ್ಷವೂ ಆಲೂಗೆಡ್ಡೆ ಇಡುವವರು. ನಮ್ಮ ಕಡೆ ಹದಮಳೆ ಬಿದ್ದು, ಗೊಬ್ಬರದ ಲಾರಿ ಹೊರಟಿತೆಂಬ ಸುದ್ದಿ ಬಂದರೆ ಸಾಕು, ಬಿತ್ತನೆ ಗೆಡ್ಡೆಯನ್ನು ಹೋಳು ಮಾಡಿಬಿಡುತ್ತಾರೆ. ಹೋಳಾದದ್ದು ಹೆಚ್ಚು ದಿನ ತಡೆಯುವುದಿಲ್ಲ, ಕೊಳೆಯುತ್ತದೆ.

"ಓಳು ಮಾಡ್ಬುಟ್ಟೆ ಸಾ. ನಾ ಓಗೋ ಒತ್ಗೆ ಲಾರಿ ಖಾಲಿ. ಇದ್ ಕೊಳ್ತೋದ್ರೆ ಈ ವರ್ಸ ನಂಗೆ ಬೆಳೆನೇ ಇಲ್ಲ" ಅಂದರು.

ನನಗೆ ಅರ್ಥವಾಗಲಿಲ್ಲ. ಬಂದದ್ದು ಕಡಿಮೆಯೇ, ಆದರೂ ಎಲ್ಲರೂ ಅರ್ಧರ್ಧ ಹಾಕಿಕೊಂಡರೆ ಬಿತ್ತನೆ ಮುಗಿಯಬೇಕಿತ್ತು. ಲೋಕೇಶನಿಗೆ ಫೋನ್ ಮಾಡಿದೆ. "ಬಂದರಲ್ಲೇ ತಡ ಆಗಿದೆ ಕಣೋ, ಇನ್ನೊಂದು ವಾರ ಕಾಯಿ" ಅಂದ. ಅವನ ಭೂಪಟ ಅಷ್ಟೇ ಹೇಳುತ್ತಿತ್ತು.

ಫೋನ್ ಇಟ್ಟು ಅವನ ಹೊಸ ಜೀಪಿನ ಬಗ್ಗೆ ಯೋಚಿಸುತ್ತ ಕೂತೆ. ನನ್ನ ಬೈಕು ಚೆನ್ನಾಗಿಯೇ ಓಡುತ್ತಿತ್ತು. ಆದರೂ ಆ ಜೀಪು ಕಂಡಾಗಲೆಲ್ಲ ನನಗೂ ಒಂದು ಬೇಕೆನ್ನಿಸುತ್ತಿತ್ತು. ಆಗ ಹೊಳೆಯಿತು. ಊರಿನಲ್ಲಿ ಒಬ್ಬ ಹತ್ತು ಚೀಲ ಇಳಿಸಿಕೊಂಡರೆ ಪಕ್ಕದವನಿಗೆ ಹನ್ನೆರಡು ಬೇಕು, ಜಮೀನು ಎಷ್ಟಾದರೂ ಇರಲಿ. ಪೊಟ್ಯಾಷ್ ಬಂದರಿನಲ್ಲಿ ಮಾತ್ರ ಸಿಕ್ಕಿಕೊಂಡಿರಲಿಲ್ಲ, ಟಾರ್ಪಾಲು ಹೊದ್ದು ಕೊಟ್ಟಿಗೆಗಳಲ್ಲೂ ಮಲಗಿತ್ತು.

ನಾನು ಯಾರ ಮನೆಯನ್ನೂ ಹುಡುಕಲು ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಎಲ್ಲರೂ ಹಾಲು ಹಾಕಲು ಬರುವ ಹೊತ್ತಿಗೆ ಜಯಮ್ಮನ ಊರಿನ ಡೈರಿ ಮುಂದೆ ನಿಂತೆ. "ಮುಂದಿನ ಲಾರಿಯ ಗೊಬ್ಬರ ಇಲ್ಲೇ ಇಳಿಯುತ್ತೆ. ಮನೇಲಿ ಚೀಲ ಇಲ್ಲದವರಿಗೆ ಮೊದಲು, ಅದೂ ಎಲ್ಲರ ಕಣ್ಣೆದುರಿಗೆ. ಯಾರಿಗೆ ಇಲ್ಲ, ಕೈಯೆತ್ತಿ" ಅಂದೆ.

ಎಲ್ಲ ಕೈಗಳೂ ಮೇಲೆ ಹೋದವು. ಮೊದಲು ಬಾಯಿಬಿಟ್ಟವನು ಪುಟ್ಟೇಗೌಡನ ಪಕ್ಕದ ಮನೆಯ ರಾಜಣ್ಣ.

"ಕೈ ಇಳಿಸ್ಲಾ ಪುಟ್ಟೇಗೌಡ. ನಿನ್ ಕೊಟ್ಗೇಲಿ ಎಮ್ಮೆ ನಿಂತ್ಕಳಕೆ ಜಾಗ ಇಲ್ಲ."

"ನಿನ್ ಅಟ್ಟದ್ ಮ್ಯಾಲೆ ಇರಾದೇನ್ಲಾ, ರಾಗಿನಾ?" ಅಂದ ಪುಟ್ಟೇಗೌಡ.

ಆಮೇಲೆ ನಾನು ಮಾತಾಡಬೇಕಾಗಲಿಲ್ಲ. ಒಬ್ಬರ ಗುಟ್ಟನ್ನು ಇನ್ನೊಬ್ಬರು ರಟ್ಟು ಮಾಡುತ್ತ ಹೋದ ಹಾಗೆ ಕೈಗಳು ಇಳಿದವು. ಕೊನೆಗೆ ಉಳಿದದ್ದು ಮೂರೇ ಕೈ, ಅದರಲ್ಲಿ ಒಂದು ಜಯಮ್ಮನದು. ಊರೆದುರು ಮುಖ ಸಣ್ಣದಾದ ಪುಟ್ಟೇಗೌಡ ಕೊಂಡ ಬೆಲೆಗೇ ಒಂದು ಚೀಲ ಬಿಟ್ಟುಕೊಟ್ಟ. ಅವನು ಒಂದು ಕೊಟ್ಟನಲ್ಲ ಎಂದು ರಾಜಣ್ಣ ಎರಡು ಕೊಟ್ಟ. ರಾಜಣ್ಣನೇ ಕೊಟ್ಟ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಸಂಜೆಯೊಳಗೆ ಜಯಮ್ಮನ ಗೆಡ್ಡೆ ಮಣ್ಣು ಸೇರಿತು.

ಲೋಕೇಶ ಜೀಪಿನಲ್ಲಿ ಬಂದು ನೋಡಿದ. "ಇದು ನಿಂಗೆ ಹೆಂಗೋ ಹೊಳೀತು?" ಅಂತ ಕೇಳಿದ. "ಅನುಭವ" ಅಂದೆ. ಎಂಥ ಅನುಭವ ಅಂತ ಹೇಳಲಿಲ್ಲ.

ಲೋಕದ ಬಿಕ್ಕಟ್ಟನ್ನು ಹೋಬಳಿಯ ಅಧಿಕಾರಿ ನಿಲ್ಲಿಸಲಾರ. ಆದರೆ ದೂರದಿಂದ ಬಂದ ಕಷ್ಟವನ್ನು ದುಪ್ಪಟ್ಟು ಮಾಡುವುದು ಪಕ್ಕದ ಮನೆಯ ಮೇಲಿಟ್ಟ ಕಣ್ಣು. ಆ ಕಣ್ಣನ್ನು ಮುಚ್ಚಿಸಲಾಗದಿದ್ದರೆ ಕೆಲಸಕ್ಕಾದರೂ ಹಚ್ಚಬೇಕು, ನನ್ನ ನೌಕರಿ ಕಲಿಸಿದ್ದು ಇದನ್ನೇ.

ಮುಂದಿನ ಸಭೆಯಲ್ಲಿ ಲೋಕೇಶನ ಭೂಪಟದ ಕೊನೆಯ ಬಾಣ ಹಳ್ಳಿಮೈಸೂರಿನವರೆಗೂ ಬಂದಿತ್ತು. ಅವನು ನನ್ನ ಹೆಸರು ಹೇಳಿ ಎದ್ದು ನಿಲ್ಲಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಲೋಕೇಶ. ಅದರಲ್ಲೂ ಅವನೇ ನನಗಿಂತ ಮುಂದು.