ಕೆಮ್ಮದ ಹುಡುಗ

ಸುಜಾತಾ, ನಿನ್ನ ಮಗನಿಗೆ ನಾನು ಉಸಿರಿನ ವ್ಯಾಯಾಮ ಮಾಡಿಸುತ್ತಿರಲಿಲ್ಲ. ದಿನಾ ಸಂಜೆ ನೀನು ಚಿಕ್ಕೋಡಿಯ ಶಾಲೆಯಿಂದ ಬಂದು, ಚಪ್ಪಲಿ ಬಿಡುತ್ತಲೇ, "ಅಕ್ಕಾರ, ಓಂಕಾರಗ ಮಾಡ್ಸಿದ್ರೇನ್ರಿ?" ಎಂದು ಕೇಳುತ್ತಿದ್ದೆ. "ಹ್ಞೂಂ, ಆತವಾ" ಎನ್ನುತ್ತಿದ್ದೆ ನಾನು. ಆಗಿರುತ್ತಿರಲಿಲ್ಲ. ಒಂದು ದಿನದ ಮಾತಲ್ಲ — ಆ ಇಡೀ ಚಳಿಗಾಲ...

ಇಷ್ಟು ಬರೆಯುವುದಕ್ಕೇ ವರ್ಷಗಳು ಬೇಕಾದವು. ಮುಂದಿನದು ಹೇಗೆ ಬರೆಯಲಿ ತಿಳಿಯುತ್ತಿಲ್ಲ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಿಟ್ಟಾಗಬೇಡ. ಎಲ್ಲಿಂದ ಎಳೆದರೂ ಗಂಟು ಬೀಳುವ ನೂಲಿನಂತಾಗಿದೆ ನನ್ನ ತಲೆ.

ಮಾಂಸಖಂಡಗಳ ಬಲ ಇಳಿಯುತ್ತ ಹೋಗುವ ಕಾಯಿಲೆ ಅವನದು. ಮೊದಲು ಕಾಲು ಹೋಯಿತು, ಗಾಲಿಕುರ್ಚಿ ಬಂತು. ಆಮೇಲೆ ಕೈ. ಬೆಳಗಾವಿಯ ಡಾಕ್ಟರು ಎದೆಯ ಸ್ನಾಯುಗಳೂ ಸೋಲುತ್ತಿವೆ ಎಂದಾಗ ನಾವಿಬ್ಬರೂ ಅಲ್ಲೇ ಇದ್ದೆವು. ವ್ಯಾಯಾಮ ಕಲಿಸಿದ ಹುಡುಗಿ ರಬ್ಬರ್ ಚೀಲದ ಮುಖವಾಡವನ್ನು ಓಂಕಾರನ ಬಾಯಿಗೆ ಒತ್ತಿ, ಚೀಲ ಹಿಸುಕಿ ಎದೆ ತುಂಬ ಗಾಳಿ ತುಂಬಿಸಿದಳು. ಆಮೇಲೆ ಹೊಟ್ಟೆ ಒತ್ತಿ ಕೆಮ್ಮಿಸಿದಳು. ಸುಖವಾಗಿ ಕೂತ ಹುಡುಗನನ್ನು ಹಿಡಿದು ಕೆಮ್ಮಿಸುವುದೆಂದರೇನು? ನಾನು ಸುಮ್ಮನಿರದೆ ಹೇಳಿಯೇಬಿಟ್ಟೆ: "ನಮ್ಮ ಹುಡುಗ ಕೆಮ್ಮೂದ ಇಲ್ಲ ನೋಡವಾ!"

ಆಕೆ ನಗಲಿಲ್ಲ. "ಅಮ್ಮಾರ, ಅದಕ್ಕ ಖುಷಿ ಪಡಬ್ಯಾಡ್ರಿ. ಕೆಮ್ಮಾಕ ಅವಗ ತ್ರಾಣ ಇಲ್ಲ. ಕಫ ಒಳಗ ಕುಂತಬಿಡತೈತಿ. ಇದ ಔಷಧ ಅಲ್ರಿ, ಊಟ ಇದ್ದಂಗ, ದಿನಾ ಬೇಕ" ಎಂದಳು.

ಕೇಳಿಸಿಕೊಂಡೆ. ತಲೆಯನ್ನೂ ಆಡಿಸಿದೆ. ಆದರೆ ನಂಬಿದೆನೇ? ನಮ್ಮ ನಿಪ್ಪಾಣಿಯ ಓಣಿ ಎಂಥದು ನಿನಗೆ ಗೊತ್ತಲ್ಲ. ತಂಬಾಕಿನ ಸುಗ್ಗಿ ಬಂತೆಂದರೆ ಮಾಲು ತುಂಬಿಟ್ಟ ವಖಾರಿಯ ಘಾಟು ಹೊಸ್ತಿಲು ದಾಟಿ ದೇವರ ಮನೆಗೂ ಬರುತ್ತದೆ. ಈ ಮನೆಯಲ್ಲಿ ನನ್ನಪ್ಪ ಕೆಮ್ಮುತ್ತಲೇ ಹೋದ, ನನ್ನ ತಮ್ಮ, ನಿನ್ನ ಗಂಡ ಬಾಳು ವಖಾರಿಯಿಂದ ಬರುವುದು ನಮಗೆ ಕೆಮ್ಮಿನಿಂದಲೇ ತಿಳಿಯುತ್ತದೆ. ಇಲ್ಲಿ ಮನುಷ್ಯನ ಗಟ್ಟಿತನ ಅಳೆಯುವುದು ಅವನು ಎಷ್ಟು ಕಡಿಮೆ ಕೆಮ್ಮುತ್ತಾನೆ ಎಂಬುದರಿಂದ. ಅಂಥ ಘಾಟಿನಲ್ಲಿ ಒಬ್ಬನೇ ಒಬ್ಬ ಕೆಮ್ಮದ ಹುಡುಗ! ಬೀಡಿ ಕಟ್ಟುವ ತಾನೂಬಾಯಿ ಅವನ ಗಲ್ಲ ಹಿಡಿದು, "ಕಾಲಾಗ ಶಕ್ತಿ ಇಲ್ಲಂದ್ರ ಏನಾತ ಬಿಡ್ರಿ, ಎದಿ ಕಬ್ಬಿಣದ್ದ ಕೊಟ್ಟಾನ ದೇವರು" ಎಂದಾಗ ನಾನು ಬೀಗಿಹೋಗಿದ್ದೆ. ಏನೇನೂ ಉಳಿಯದ ಮಗುವಿನಲ್ಲಿ ಹೆಮ್ಮೆ ಪಡಲು ಅದೊಂದಾದರೂ ಇರಲಿ ಎಂದು... ಇಲ್ಲ, ಇದು ನೆಪ. ನೆಪ ಹೇಳುವುದಿಲ್ಲ ಎಂದುಕೊಂಡೇ ಕೂತವಳು ನಾನು.

ಮೊದಮೊದಲು ಮಾಡಿಸಿದೆ, ಅದು ಸುಳ್ಳಲ್ಲ. ಒಂದು ದಿನ ಹೊಟ್ಟೆ ಒತ್ತುತ್ತಿರುವಾಗ ತಾನೂಬಾಯಿ ಒಳಗೆ ಬಂದು, "ಅಯ್ಯ, ಕೂಸಿನ ಜೀವಾ ತಗೀತೀರೇನ್ರಿ!" ಎಂದು ಚೀರಿದಳು. ಕೈ ತೆಗೆದುಬಿಟ್ಟೆ. ಓಂಕಾರನ ಕಣ್ಣಲ್ಲಿ ನೀರಿತ್ತು. ಮರುದಿನ ಚೀಲ ಎತ್ತಿಕೊಂಡಾಗ ಅವನು, "ಅತ್ತೀ, ಇವತ್ತೊಂದಿನ ಬ್ಯಾಡ. ಮಮ್ಮಿಗೆ ಆತು ಅನ್ನು" ಎಂದ. ಅಂದೆ. ಆ ಇವತ್ತೊಂದಿನ ಮುಗಿಯಲೇ ಇಲ್ಲ.

ವ್ಯಾಯಾಮದ ಹೊತ್ತಿಗೆ ನಾವು ಚೌಕಾಬಾರ ಆಡುತ್ತಿದ್ದೆವು. ಕವಡೆ ಎಸೆಯಲು ಅವನಿಗೆ ಆಗುತ್ತಿರಲಿಲ್ಲ. ಅಂಗೈಯಲ್ಲಿಟ್ಟು ನಾನೇ ಕೈ ಮಗುಚುತ್ತಿದ್ದೆ. ಸೋತರೆ, "ಅತ್ತಿ, ನೀ ಮೋಸ ಮಾಡ್ದಿ" ಎಂದು ಜಗಳ ತೆಗೆಯುತ್ತಿದ್ದ. ಎಷ್ಟು ನಗುತ್ತಿದ್ದೆವು! ಆ ನಗು ನೋಡಿ ನನಗೆ ಅನಿಸುತ್ತಿತ್ತು — ಅಳಿಸುವುದಕ್ಕಿಂತ ಇದೇ ಒಳ್ಳೆಯದಲ್ಲವೇ? ಅದು ಪ್ರೀತಿಯೋ, ಮೈಗಳ್ಳತನವೋ, ಇವತ್ತಿಗೂ ಬಗೆಹರಿದಿಲ್ಲ. ಮಧ್ಯಾಹ್ನದ ಧಾರಾವಾಹಿಯೂ ಇತ್ತು, ಅದನ್ನೂ ಮುಚ್ಚಿಡಲಾರೆ. ಬರಬರುತ್ತ ಅವನ ಮಾತು ಸಣ್ಣದಾಯಿತು. ಬೆಳಗ್ಗೆ ಎದ್ದರೆ ತಲೆನೋವು ಅನ್ನುತ್ತಿದ್ದ. ನೋಡಿದೆ. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಚೀಲದ ಮಾತು ತೆಗೆಯುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗೆ.

ಆಮೇಲೆ ಆ ನೆಗಡಿ. ಬರೀ ನೆಗಡಿ. ನಾವೆಲ್ಲ ಸೀನಿ ಎದ್ದೆವು. ಅವನ ಎದೆಯಲ್ಲಿ ಕಫ ಗೊರಗುಟ್ಟಿತು, ಹೊರಗೆ ಬರಲಿಲ್ಲ. ತುಟಿ ನೀಲಿಯಾಯಿತು. ಬೆಳಗಾವಿ ಮುಟ್ಟುವಷ್ಟರಲ್ಲಿ ಅವನಿಗೆ ಎಚ್ಚರವಿರಲಿಲ್ಲ. ಜೀವ ಉಳಿಯಿತು, ಗಂಟಲಿಗೆ ತೂತು ಮಾಡಿ ನಳಿಕೆ ಹಾಕಿದರು, ಉಸಿರಿಗೆ ಯಂತ್ರ ಬಂತು, ದನಿ ಹೋಯಿತು.

ಆಸ್ಪತ್ರೆಯ ಪಡಸಾಲೆಯಲ್ಲಿ, ಎಲ್ಲರೆದುರು, ಬಾಳು ನಿನ್ನ ಮೇಲೆ ಹರಿಹಾಯ್ದ. "ನೌಕರಿ ನೌಕರಿ ಅಂತ ದಿನಾ ಬಸ್ ಹತ್ತಿದಿ. ಕೂಸಿನ ಕಡೆ ಯಾರ ನೋಡಬೇಕಿತ್ತ?" ನೀನು ಏನೆಂದೆ ನೆನಪಿದೆಯೇ? ನನಗೆ ಪ್ರತಿ ಅಕ್ಷರ ನೆನಪಿದೆ. "ನಂದ ತಪ್ಪ ಆತ್ರಿ. ಅಕ್ಕಾರರ ಎಷ್ಟಂತ ಮಾಡ್ತಾರ, ಪಾಪ."

ಪಾಪ. ಆ ಪಾಪ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಬಾಯಿ ತೆರೆಯಲಿಲ್ಲ. ನೀನು ನೌಕರಿ ಬಿಟ್ಟಾಗಲೂ ತೆರೆಯಲಿಲ್ಲ. ಡಾಕ್ಟರನ್ನು ಒಬ್ಬರೇ ಸಿಕ್ಕಾಗ ಕೇಳಿದ್ದೆ, "ದಿನಾ ಮಾಡ್ಸಿದ್ರ ಹಿಂಗ ಆಗತಿರಲಿಲ್ಲೇನ್ರಿ?" ಎಂದು. "ಹೇಳಾಕ ಬರೂದಿಲ್ರಿ. ಕೆಲವೊಮ್ಮೆ ಎಲ್ಲಾ ಮಾಡಿದ್ರೂ ಆಗತೈತಿ" ಎಂದರು. ಎಲ್ಲಾ ಮಾಡಿದವರಿಗೆ ಹೇಳುವ ಸಮಾಧಾನವದು. ಅದನ್ನು ನಾನು ಕದ್ದು ತಂದು ಇಷ್ಟು ವರ್ಷ ಇಟ್ಟುಕೊಂಡೆ.

ಓಂಕಾರನಿಗೆ ಎಲ್ಲ ಗೊತ್ತಿತ್ತು. ದನಿಯಿಲ್ಲದ ಆ ವರ್ಷಗಳಲ್ಲಿ ಅವನು ನನ್ನನ್ನೇ ನೋಡುತ್ತಿದ್ದ. ಹೇಳು ಅನ್ನುತ್ತಿದ್ದನೋ, ಹೇಳಬೇಡ ಅನ್ನುತ್ತಿದ್ದನೋ... ನಾನು ಅವನ ಹಾಸಿಗೆ ಸರಿಪಡಿಸುವ ನೆವದಲ್ಲಿ ಕಣ್ಣು ತಪ್ಪಿಸುತ್ತಿದ್ದೆ.

ಕಳೆದ ವಾರ ನಳಿಕೆಗೆ ಆ ಸಣ್ಣ ಮುಚ್ಚಳ ಹಾಕಿ, ಈಗ ಮಾತಾಡಬಹುದು ಎಂದರಲ್ಲ, ನಾವೆಲ್ಲ ಸುತ್ತ ನಿಂತಿದ್ದೆವು. ಯಂತ್ರ ಉಸಿರು ಕೊಟ್ಟಾಗೊಮ್ಮೆ ಒಂದೊಂದು ಮಾತು. ಹೊಸ ದನಿ, ಒಡಕು ದನಿ, ಗಂಡಸಿನ ದನಿಯಾಗುತ್ತಿರುವ ದನಿ.

"ಮಮ್ಮೀ... ಅತ್ತಿ... ದಿನಾ... ಮಾಡಸ್ತಿದ್ಲು."

ನೀನು ಅಳುತ್ತ, "ಗೊತ್ತೈತೋ ರಾಜಾ, ಗೊತ್ತೈತಿ" ಎಂದೆ. ನನ್ನ ಕೈ ಹಿಡಿದುಕೊಂಡೆ ಕೂಡ. ನಾನು ಹಿಡಿಸಿಕೊಂಡು ನಿಂತೆ, ಸುಜಾತಾ. ಆಗಲೂ.

ಅವನು ಆ ಸುಳ್ಳು ಯಾಕಾಡಿದ? ನನ್ನನ್ನು ಕಾಪಾಡಲೋ? ತಾನೇ ಬೇಡ ಅಂದದ್ದು ಎಂದು ಅವನೂ ಒಳಗೇ ಕೊರಗುತ್ತಿದ್ದಾನೋ? ಕೇಳುವ ಧೈರ್ಯವಾಗಲಿಲ್ಲ. ಒಂದು ಮಾತ್ರ ಗೊತ್ತು: ವರ್ಷಗಳ ಮೇಲೆ ಸಿಕ್ಕ ಮೊದಲ ಮಾತನ್ನು, ಎರವಲು ಉಸಿರಿನಲ್ಲಿ, ಅವನು ನನಗಾಗಿ ಖರ್ಚು ಮಾಡಿದ. ತನಗೆ ಬೇಕಾದ್ದೇನನ್ನೂ ಕೇಳಲಿಲ್ಲ.

ಈ ಕಾಗದವನ್ನು ನಿನ್ನ ದಿಂಬಿನ ಕೆಳಗಿಟ್ಟು ಹೋಗಬೇಕೆಂದಿದ್ದೆ. ಅದೂ ಕಳ್ಳತನವೇ. ಅವನ ಮುಂದೆಯೇ ಓದಿ ಹೇಳಬೇಕು. ಬೇಡ ಅಂದದ್ದು ಮಗು, ಆ ಮಾತು ಕೇಳಬಾರದಿತ್ತು ನಾನು ಎಂದು ಅವನ ಕಿವಿಗೂ ಬೀಳಬೇಕು. ನೀನು ಬೈಯಿ, ಹೊರಗೆ ಹಾಕು, ಸುಮ್ಮನಿರು. ಯಾವುದನ್ನೂ ಬೇಡ ಅನ್ನುವ ಹಕ್ಕು ನನಗಿಲ್ಲ.

ಒಳಗೆ ನೀನು ಕಫ ಎಳೆಯುವ ಸಣ್ಣ ಯಂತ್ರ ಹಚ್ಚಿ ಅವನ ಗಂಟಲು ತೆರವು ಮಾಡುತ್ತಿದ್ದೀಯ. ಆ ಯಂತ್ರದ ಸದ್ದು ನಿಲ್ಲಲಿ ಎಂದು ಕಾಯುತ್ತಿದ್ದೇನೆ.

ನಿಂತಿತು. ಬಂದೆ.