ಬಿಟ್ಟ ಊರಿನಲ್ಲಿ ಓಗೊಟ್ಟ ಹುಡುಗಿ

ಹೊಸ ಸಹಸ್ರಮಾನ ಬಂತೆಂದು ಬೆಳಗಾವಿಯಲ್ಲಿ ಪಟಾಕಿ ಹೊಡೆದ ವರ್ಷದ ಬೇಸಿಗೆಯಲ್ಲಿ ನಡೆದದ್ದಿದು. ಆಗ ನಾನು ಉದ್ಯೋಗ ನೋಂದಣಿ ಕಚೇರಿಯಲ್ಲಿ ಗುಮಾಸ್ತೆ. ನಮ್ಮಲ್ಲಿ ಹೆಸರು ಬರೆಸಿದವರು ತಲೆ ನೆರೆತರೂ ಕಾಯುತ್ತಲೇ ಇರುತ್ತಿದ್ದರು. ತರಬೇತಿ ಕೇಂದ್ರದಲ್ಲಿ ಕಲಿತವರಿಗೆ ಕೆಲಸವಿಲ್ಲ, ಅತ್ತ ಕಾರ್ಖಾನೆಯವರು ಆಳಿಲ್ಲ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಒಂದೇ ಊರಿನಲ್ಲಿದ್ದೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ ಅಂದರೆ ನಂಬುತ್ತೀರಾ?

ಆ ವರ್ಷ ಅಂತೂ ಮೂರೂ ಕಡೆಯವರು ಕೂಡಿದೆವು. ನಾನು, ತರಬೇತಿ ಕೇಂದ್ರದ ದೇಸಾಯಿ ಮಾಸ್ತರು, ಪಂಪಿನ ಮೋಟಾರು ತಯಾರಿಸುವ ಮುಲ್ಲಾ ಸಾಹೇಬರು. ಖಾನಾಪುರದ ಕಾಡಂಚಿನ ಒಂದು ಊರಿಗೆ ಹೋಗಿ ಮೋಟಾರಿಗೆ ತಂತಿ ಸುತ್ತುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಆರಿಸುವುದು, ಮಾಸ್ತರು ಕಲಿಸುವುದು, ಸಾಹೇಬರು ಕೆಲಸ ಕೊಡುವುದು ಎಂದು ಮಾತಾಯಿತು. ಮಂಗಳವಾರ ಕಾರ್ಖಾನೆಗೆ ಕರೆಂಟಿನ ರಜೆ. ಹಾಗಾಗಿ ಮಂಗಳವಾರವೇ ಎಂದು ನಮ್ಮ ನಮ್ಮಲ್ಲೇ ನಿಶ್ಚಯಿಸಿ, ಹೆಸರು ಬರೆಸಿದ್ದವರಿಗೆ ಕಾರ್ಡು ಹಾಕಿ ಕೈತೊಳೆದುಕೊಂಡೆವು.

ಸಾಹೇಬರ ಜೀಪಿನಲ್ಲಿ ಹೋದೆವು. ಊರ ಬಾಯಲ್ಲಿ ದಾರಿಗೆ ಅಡ್ಡ ಹಗ್ಗ ಕಟ್ಟಿ ಬೇವಿನ ಸೊಪ್ಪು, ನಿಂಬೆಹಣ್ಣು ಇಳಿಬಿಟ್ಟಿದ್ದರು. "ನೋಡ್ರಿ, ನಮಗ ತೋರಣ ಕಟ್ಟ್ಯಾರ" ಎಂದು ಮಾಸ್ತರು ಹಿಗ್ಗಿದರು. ಜೀಪು ಅದರ ಕೆಳಗೇ ಒಳಗೆ ಹೋಯಿತು.

ನಡುಹಗಲು. ಊರಿನಲ್ಲಿ ಒಂದು ನರಪಿಳ್ಳೆ ಇಲ್ಲ! ನಾಯಿ ಬೊಗಳಲಿಲ್ಲ, ಕೋಳಿ ಕೂಗಲಿಲ್ಲ, ಯಾವ ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಬಾಗಿಲುಗಳನ್ನೆಲ್ಲ ಎಳೆದುಕೊಂಡಿದ್ದರು, ಆದರೆ ಒಂದಕ್ಕೂ ಬೀಗವಿಲ್ಲ. ದನದ ಕೊಟ್ಟಿಗೆಗಳೂ ಖಾಲಿ. ಒಂದು ಕಟ್ಟೆಯ ಮೇಲೆ ಮಗುವಿನ ಲಂಗ ಗಾಳಿಗೆ ಅಲುಗುತ್ತಿತ್ತು. ಸಾಹೇಬರು ಹಾರ್ನ್ ಹೊಡೆದರು. ಆ ಸದ್ದು ಓಣಿಯ ತುದಿಗೆ ಹೋಗಿ ಹೊರಳಿ ಬಂತು. "ಯಾ ಅಲ್ಲಾ, ಬ್ಯಾನಿ ಗೀನಿ ಬಂತೇನು ಊರಿಗೆ?" ಎಂದರು ಸಾಹೇಬರು.

ನಾನು ಸರಕಾರಿ ನೌಕರಿಯವಳು, ಪದ್ಧತಿ ಬಿಡುವವಳಲ್ಲ. ಹೆಸರನ್ನು ಮೂರು ಸಲ ಕೂಗಬೇಕು, ಬರದಿದ್ದರೆ ಗೈರುಹಾಜರಿ. ಓಣಿಯ ನಡುವೆ ನಿಂತು ಒಂದೊಂದೇ ಹೆಸರು ಕರೆಯತೊಡಗಿದೆ. ಮುಚ್ಚಿದ ಬಾಗಿಲುಗಳು ನನ್ನನ್ನೇ ನೋಡುತ್ತಿದ್ದಂತಿದ್ದವು. ಮಾಸ್ತರು, "ಸಾಕ ಮಾಡ್ರಿ ಬಾಯಾರ, ಹೋಗೂಣು" ಅಂದರು. ಕೊನೆಯ ಹೆಸರು ರುಕ್ಮಾ. ಒಂದು ಸಲ ಕರೆದೆ. ಎರಡು ಸಲ ಕರೆದೆ. ಮೂರನೆಯ ಸಲ ಕರೆದಾಗ ಮುಚ್ಚಿದ ಮನೆಯೊಂದರ ಒಳಗಿನಿಂದ "ಓ" ಎಂದು ದನಿ ಬಂತು.

ಮಾಸ್ತರು ನನ್ನ ಹಿಂದೆ ಸರಿದರು. ಸುಳ್ಳೇಕೆ, ನಾನು ಸಾಹೇಬರ ಹಿಂದೆ ಸರಿದೆ. ಬಾಗಿಲು ಬೆರಳಷ್ಟು ತೆರೆಯಿತು. ಕಾಳು ತುಂಬಿಡುವ ನೆಲದೊಳಗಿನ ಹಗೇವಿನ ಧೂಳು ಮೆತ್ತಿದ ಒಂದು ಹುಡುಗಿಯ ಮುಖ.

"ಇವತ್ತ ಊರ ಬಿಡೂ ದಿನಾ ರೀ" ಎಂದಳು, ಪಿಸುದನಿಯಲ್ಲಿ. "ಹೊತ್ತ ಮುಣಗೂ ತನಾ ಎಲ್ಲಾರೂ ಹಳ್ಳದಾಚಿ ಮಾವಿನ ತೋಪಿನ್ಯಾಗ ಇರತಾರ. ಇಲ್ಲಿ ದೇವಿ ಒಬ್ಬಾಕಿನ ಅಡ್ಡಾಡತಾಳ. ನಾ ಹಗೇವಿನ್ಯಾಗ ಅಡಗಿ ಕುಂತಿದ್ದೆ. ಈ ಕೆಲಸಾ ತಪ್ಪಿದ್ರ ನನ್ನ ಗೋವಾಕ್ಕ ಮನಿಗೆಲಸಕ್ಕ ಕಳಸ್ತಾರ್ರಿ. ನಮ್ಮಕ್ಕ ಹೋದಾಕಿ ಹೊಳ್ಳಿ ಬಂದಿಲ್ಲ."

"ಅದಕ್ಯಾಕ ಹಿಂಗ ನಡಗ್ತಿ?" ಎಂದೆ.

"ಇವತ್ತ ಊರಾಗ ಹೆಸರ ಕರದ್ರ ಓ ಅನಬಾರದ್ರಿ. ಅಂದವರನ್ನ ದೇವಿ ವರ್ಷದೊಳಗ ಕರಕೊಂಡ ಹೋಗತಾಳ."

"ಮತ್ತ್ಯಾಕ ಅಂದಿ, ಹುಚ್ಚಿ?"

"ಅನ್ನದಿದ್ರ ನೀವು ಗೈರು ಹಾಕತಿದ್ರಿ."

ಅವಳ ಹೆಸರಿನ ಮುಂದೆ ಹಾಜರಿ ಗುರುತು ಹಾಕಿದೆ. ಒಬ್ಬಳಿಗಾಗಿ ತರಬೇತಿ ನಡೆಸಲು ಬರುವುದಿಲ್ಲ, ಬರಿಗೈಲಿ ಹೋಗಬೇಕಷ್ಟೆ ಎಂದು ಮಾಸ್ತರು ಗೊಣಗಿದರು. ಸಾಹೇಬರಿಗೆ ಸಿಟ್ಟು ಬಂತು. "ಮಂದಿ ತೋಪಿನ್ಯಾಗ ಅದಾರಂದ್ರ ತೋಪಿಗೇ ಹೋಗೂಣು. ಅದರಾಗೇನೈತಿ?" ಎಂದು ಜೀಪು ಏರಿದರು. ರುಕ್ಮಾಳನ್ನು ನನ್ನ ಬಾಜು ಕೂರಿಸಿಕೊಂಡೆ. ಅವಳ ಕೈ ಮಂಜಿನಷ್ಟು ತಣ್ಣಗಿತ್ತು.

ತೋಪಿನಲ್ಲಿ ಇಡೀ ಊರು ದನಕರು, ಒಲೆ, ತೊಟ್ಟಿಲು ಸಮೇತ ಕೂತಿತ್ತು. ಅವಳು ಜೀಪಿನಿಂದ ಇಳಿದದ್ದೇ ತಡ, ಎಲ್ಲರ ಮಾತೂ ನಿಂತಿತು. ನೂರಾರು ಕಣ್ಣು ಅವಳ ಮೇಲೆ. ಇನ್ನೇನು ಹುಡುಗಿಯ ಕತೆ ಮುಗಿಯಿತು ಅಂದುಕೊಂಡೆ. ಆಗ ಅವಳ ಅಜ್ಜಿ ಎದ್ದು ಬಂದು, ಎಲ್ಲರಿಗೂ ಕೇಳುವಂತೆ, "ಖಾನಾಪುರಕ್ಕ ಔಷಧ ತರಾಕ ನಸುಕಿನ್ಯಾಗ ಕಳಿಸಿದ್ದೆ, ಸಾಹೇಬರ ಜೀಪ ಸಿಕ್ತೇನು? ಔಷಧ ಎಲ್ಲೆ?" ಎಂದು ಗದರಿದಳು. "ಅಂಗಡಿ ತಗದಿರಲಿಲ್ಲ, ಅಜ್ಜೀ" ಎಂದಳು ರುಕ್ಮಾ. ಮಂದಿ ಮತ್ತೆ ಮಾತಿಗೆ ತೊಡಗಿತು. ನನಗೆ ಆ ಮುದುಕಿಯ ಕಾಲು ಹಿಡಿಯಬೇಕು ಅನ್ನಿಸಿತು.

ನಾವು ಬಂದ ಕೆಲಸ ಕೇಳಿ ಊರ ಹಿರಿಯರು ನಕ್ಕರು. "ನಮ್ಮನ್ನೊಂದ ಮಾತ ಕೇಳಿದ್ರ ಬುಧವಾರ ಬರ್ರಿ ಅಂತಿದ್ವಿ. ನೀವು ನೀವೇ ಕೂಡಿ ಮಾತಾಡ್ಕೊಂಡ್ರಿ, ನಮ್ಮನ್ನ ಬಿಟ್ರಿ." ಮಾವಿನ ನೆರಳಲ್ಲೇ ಆಯ್ಕೆ ನಡೆಸಿದೆವು. ರುಕ್ಮಾಳ ಜೊತೆ ಇನ್ನೂ ಕೆಲವು ಹುಡುಗಿಯರು ಆಯ್ಕೆಯಾದರು.

ಹೊರಡುವಾಗ ಅಜ್ಜಿ ನನ್ನನ್ನು ಮರದ ಹಿಂದೆ ಕರೆದಳು. "ಖರೇ ಹೇಳ್ರಿ ಬಾಯಾರ. ಊರಾಗ ಆಕಿ ಹೆಸರ ಕರದ್ರೇನು?"

"ಹೂಂ."

"ಆಕಿ ಓ ಅಂದಳೇನು?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ, ಅದಕ್ಕೂ ಹೂಂ ಎಂದೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನೀವು ಕರದೀರಿ. ವರ್ಷ ತುಂಬೂ ತನಾ ನೀವ ಕಾಯ್ರಿ" ಎಂದಷ್ಟೇ ಹೇಳಿ ಹೋದಳು.

ಅಲ್ಲಿಯ ತನಕ ಕೆಲಸಕ್ಕೆ ಕಳಿಸಿದ ಮೇಲೆ ಯಾರು ಬದುಕಿದ್ದಾರೆ, ಯಾರು ಬಿಟ್ಟಿದ್ದಾರೆ ಎಂದು ನಮ್ಮ ಕಚೇರಿ ಕೇಳಿದ್ದೇ ಇಲ್ಲ. ದೇವಿ ಅಡ್ಡಾಡುತ್ತಾಳೆಂದು ನಾನು ನಂಬುವವಳಲ್ಲ. ಆದರೂ ನಿದ್ದೆ ಬರಬೇಕಲ್ಲ! ಪ್ರತಿ ಸೋಮವಾರ, ತರಬೇತಿ ಮುಗಿಯುವ ತನಕ ಮಾಸ್ತರಿಗೆ, ಹುಡುಗಿಯರು ಕಾರ್ಖಾನೆ ಸೇರಿದ ಮೇಲೆ ಸಾಹೇಬರಿಗೆ ಫೋನ್ ಮಾಡುತ್ತಿದ್ದೆ. "ರುಕ್ಮಾ ಬಂದಾಳೇನು?" ಅವಳ ನೆಪದಲ್ಲಿ ಉಳಿದವರ ಮಾತೂ ಬರುತ್ತಿತ್ತು. ಒಬ್ಬಳಿಗೆ ಬಸ್ಸಿನ ತೊಂದರೆ, ಇನ್ನೊಬ್ಬಳಿಗೆ ತಂತಿ ಸುತ್ತುವ ಲೆಕ್ಕ ಹತ್ತುತ್ತಿಲ್ಲ. ಸಾಹೇಬರು ಪಾಳಿಯ ಹೊತ್ತು ಬದಲಿಸಿದರು, ಮಾಸ್ತರು ಕಾರ್ಖಾನೆಗೇ ಹೋಗಿ ಕಲಿಸಿದರು. ಎಷ್ಟೋ ಸುತ್ತೋಲೆಗಳು ಮಾಡಿಸದ ಕೆಲಸವನ್ನು ನನ್ನ ಪುಕ್ಕಲುತನ ಮಾಡಿಸಿತು ನೋಡಿ.

ಒಂದು ಸೋಮವಾರ ಸಾಹೇಬರು, "ಇವತ್ತ ಬಂದಿಲ್ರಿ, ಸುದ್ದೀನೂ ಇಲ್ಲ" ಅಂದರು. ಬೆಳಗಾವಿಯ ಅನಗೋಳದಲ್ಲಿ ಅವಳು ಹಿಡಿದಿದ್ದ ಬಾಡಿಗೆ ಕೋಣೆಗೆ ಓಡಿದೆ. ಬಾಗಿಲು ಎಳೆದುಕೊಂಡಿತ್ತು, ಬೀಗವಿರಲಿಲ್ಲ. "ರುಕ್ಮಾ" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಮೂರನೆಯ ಸಲ ಕರೆಯಲು ಬಾಯಿ ತೆರೆದವಳು ಕರೆಯಲಾರದೆ ಹೊಸ್ತಿಲ ಮೇಲೆ ಕುಸಿದೆ. ಹಿಂದಿನಿಂದ ಕೊಡದ ಸದ್ದು. ಹಲ್ಲುನೋವಿಗೆ ಊದಿದ ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡು, ನಳದಿಂದ ನೀರು ಹೊತ್ತು ನಿಂತಿದ್ದಳು. "ನಿಮ್ಮ ದನಿ ಕೇಳಿಸ್ತ್ರಿ. ಅಂಜಿಕಿ ಬಂತು, ಓ ಅನಲಿಲ್ಲ." ಇಬ್ಬರೂ ತಬ್ಬಿಕೊಂಡು ಅತ್ತೆವು.

ಮುಂದಿನ ವರ್ಷ ಊರು ಬಿಡುವ ಮಂಗಳವಾರ ಕಳೆದ ಮೇಲೆ ಅಜ್ಜಿ ಮೊಮ್ಮಗಳ ಕೈಹಿಡಿದು ನನ್ನ ಕಚೇರಿಗೆ ಬಂದಳು. ಎಲ್ಲರೆದುರು ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದಳು. "ವರ್ಷ ತುಂಬಿತ್ರಿ ಬಾಯಾರ. ಇನ್ನ ಕಾಯಬ್ಯಾಡ್ರಿ" ಎಂದಳು. ಅವತ್ತು ರಾತ್ರಿ ಎಷ್ಟೋ ತಿಂಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ಆದರೆ ಸೋಮವಾರ ಬೆಳಗ್ಗೆ ಕಚೇರಿಯಲ್ಲಿ ಕೂತಾಗ ಜೀವ ತಡೆಯಲಿಲ್ಲ. ಫೋನ್ ತಿರುಗಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತಲಿಂದ ಮುಲ್ಲಾ ಸಾಹೇಬರು ಹೇಳಿದರು: "ನಿಮ್ಮ ಫೋನಿಗೇ ಕಾಯ್ಕೊಂಡ ಕುಂತಿದ್ದೆ ರೀ. ಎಲ್ಲಾರೂ ಬಂದಾರ."