ವಾರಿಜಕ್ಕನ ಬಲಗೈ

ನನ್ನ ಬಾಯಿಯ ಎಡಗಡೆ ಎರಡು ಹಲ್ಲು ಇಲ್ಲ. ಕೇಳಿದವರಿಗೆಲ್ಲ ಸ್ಕೂಟರಿನಿಂದ ಬಿದ್ದೆ ಎನ್ನುತ್ತೇನೆ. ಅದು ಸುಳ್ಳು. ನನ್ನ ಭುಜದಷ್ಟೂ ಎತ್ತರವಿಲ್ಲದ ಐವತ್ತಾರು ವರ್ಷದ ಹೆಂಗಸೊಬ್ಬಳು, ನೂರು ಜನರ ಎದುರು, ಮುಷ್ಟಿ ಕಟ್ಟಿ ಉದುರಿಸಿದ ಹಲ್ಲುಗಳವು. ಹೊಡೆದದ್ದು ತಪ್ಪಲ್ಲ. ನಾನಾಗಿದ್ದರೆ ಇನ್ನೆರಡು ಹೆಚ್ಚು ಉದುರಿಸುತ್ತಿದ್ದೆ.

ನಾನು ಕ್ಲಾರೆನ್ಸ್, ಮಣಿಪಾಲದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಹೊಡೆದವಳು ವಾರಿಜಕ್ಕ, ಕಾಪುವಿನವಳು. ಅದೇ ಲ್ಯಾಬಿನಲ್ಲಿ ಪಾತ್ರೆ ತೊಳೆಯುವ ಕೆಲಸ ಅವಳದ್ದು.

ಅವಳ ಗಂಡ ಕಿಟ್ಟ ಬೋಟಿಗೆ ಹೋಗುತ್ತಿದ್ದ. ದಡಕ್ಕೆ ಬಂದರೆ ಮೊದಲು ಕುಡಿತ, ಆಮೇಲೆ ಹೊಡೆತ. ಮಗಳು ನವ್ಯಶ್ರೀ ಹೊಟ್ಟೆಯಲ್ಲಿದ್ದಾಗ ಅವನ ಕೈ ಮೇಲೆದ್ದರೆ ಸಾಕು, ವಾರಿಜಕ್ಕ ಎರಡೂ ಕೈಗಳಿಂದ ಹೊಟ್ಟೆಯನ್ನು ತಬ್ಬಿಕೊಂಡು ಗೋಡೆಗೆ ಮುಖ ಮಾಡಿ ಕುಳಿತುಬಿಡುತ್ತಿದ್ದಳಂತೆ. "ಬೆನ್ನಿಗೆ ಎಷ್ಟು ಬೇಕಾದ್ರೂ ಬೀಳ್ಲಿ ಅಂತ ಸರ್. ಬೆನ್ನಲ್ಲಿ ಎಂತ ಉಂಟು?" ಎಂದು ಒಮ್ಮೆ ನನ್ನ ಬಳಿ ನಗುತ್ತಾ ಹೇಳಿದ್ದಳು. ಮಗುವಿಗೆ ನಾಲ್ಕು ವರ್ಷವಾದಾಗ ಕಿಟ್ಟ ಅದರ ಮೇಲೂ ಕೈ ಎತ್ತಿದ. ಮಂಜುಗಡ್ಡೆ ಒಡೆಯುವ ಮರದ ಸುತ್ತಿಗೆ ಅಲ್ಲೇ ಇತ್ತು. ವಾರಿಜಕ್ಕ ಅದನ್ನೆತ್ತಿ ಅವನ ಮಣಿಕಟ್ಟಿಗೆ ಬಾರಿಸಿದಳು, ಎರಡು ಮೂಳೆ ಮುರಿಯಿತು. ಕಿಟ್ಟ ಅರಚುತ್ತಾ ಅಂಗಳದಲ್ಲಿ ಹೊರಳಾಡುತ್ತಿದ್ದಾಗ ಅವಳು ಮಗಳನ್ನು ಸೊಂಟಕ್ಕೇರಿಸಿಕೊಂಡು ಹೇಳಿದಳಂತೆ, ಈ ಮಗುವಿನ ಮೈಗೆ ಯಾರ ಏಟೂ ಬೀಳಕೂಡದು, ನನ್ನದೂ ಬೀಳಕೂಡದು ಎಂದು. ಕಿಟ್ಟ ಸತ್ತು ಎಷ್ಟೋ ವರ್ಷವಾಯಿತು. ನನ್ನ ಹಲ್ಲು ಹೋದ ದಿನದವರೆಗೆ ಅವಳು ಆ ಮಾತು ತಪ್ಪಿರಲಿಲ್ಲ.

ಉಳಿದವರ ವಿಷಯದಲ್ಲಿ ಅಂಥ ಮಾತೇನೂ ಇರಲಿಲ್ಲ. ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಕಾಲದಲ್ಲಿ ಮೈಮುಟ್ಟಲು ಬಂದ ಒಬ್ಬನನ್ನು ತೊರಕೆ ಮೀನಿನ ಚಾಟಿಯಂಥ ಬಾಲದಿಂದಲೇ ಬೆನ್ನು ಸುಲಿಯುವಂತೆ ಬಾರಿಸಿದ್ದಳು. ವಾರಿಜಕ್ಕನಿಗೆ ಬಾಯಿಗಿಂತ ಮೊದಲು ಕೈ ಎನ್ನುವುದು ಇಡೀ ಮಾರ್ಕೆಟ್ಟಿಗೆ ಗೊತ್ತಿತ್ತು.

ನಮ್ಮ ಲ್ಯಾಬಿಗೆ ಅವಳು ಬಂದದ್ದು ಸಿಗಡಿ ಚಿಪ್ಪು ಹೊತ್ತುಕೊಂಡು. ಆ ಚಿಪ್ಪಿನಿಂದ ನಾವು ಕಾಳುಮೆಣಸಿನಷ್ಟು ದೊಡ್ಡ ಕಾಳುಗಳನ್ನು ಮಾಡಿ, ಅವುಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ತುಕ್ಕಿನ ಕಣಗಳನ್ನು ಹತ್ತಿಸುತ್ತೇವೆ. ನ್ಯಾನೊ ಎಂದರೆ ಇಷ್ಟೇ. ಆರ್ಸೆನಿಕ್ ಇರುವ ನೀರು ಆ ಕಾಳುಗಳ ನಡುವೆ ಹಾದುಹೋದರೆ ವಿಷ ತುಕ್ಕಿಗೆ ಅಂಟಿಕೊಂಡು, ಶುದ್ಧ ನೀರು ಕೆಳಗಿಳಿಯುತ್ತದೆ. ಕಾಳಿನಲ್ಲಿ ವಿಷ ತುಂಬಿದ ಮೇಲೆ ಕಾಸ್ಟಿಕ್ ಸೋಡಾದ ನೀರಿನಲ್ಲಿ ತೊಳೆದರೆ ಅಂಟಿದ ವಿಷವನ್ನೆಲ್ಲ ಬಿಟ್ಟುಬಿಡುತ್ತದೆ. ಆ ತೊಳೆದ ನೀರನ್ನು ಕೆಂಪು ಕ್ಯಾನಿನಲ್ಲಿ ತುಂಬಿಸಿ ಬೀಗ ಹಾಕಿಡಬೇಕು. ನಾಲ್ಕು ವರ್ಷದಿಂದ ದಿನವೂ ಈ ತೊಳೆಯುವ ಕೆಲಸ ಮಾಡುತ್ತಿದ್ದವಳು ವಾರಿಜಕ್ಕ. ಗ್ಲೌಸ್ ಹಾಕಿದ್ದರೂ ಅವಳ ಮಣಿಕಟ್ಟಿನ ಸುತ್ತ ಸೋಡಾ ಸುಟ್ಟ ಕಲೆಗಳಿದ್ದವು. ಹೊಸದಾಗಿ ಬಂದವರಿಗೆ ಅವಳೇ ಪಾಠ ಮಾಡುತ್ತಿದ್ದಳು. "ಈ ಕಾಳು ಪಾಷಾಣ ನುಂಗ್ತದೆ. ಸೋಡಾ ಕುಡಿಸಿದ್ರೆ ಎಲ್ಲ ಕಾರ್ತದೆ. ಕಾರಿದ್ದನ್ನು ಮುಟ್ಟಿದ್ರೆ ಕೈ ಮುರೀತೇನೆ."

ನವ್ಯಶ್ರೀಯ ಗಂಡ ರೂಪೇಶ್‌ಗೆ ಕಾರ್ಕಳ ಪೇಟೆಯಲ್ಲಿ ಮೀನಿನ ಅಂಗಡಿ ಉಂಟು. ಊರಾಚೆ ಗುಡ್ಡದ ಮೇಲೆ ಹೊಸ ಮನೆ ಕಟ್ಟಿ ಬೋರ್‌ವೆಲ್ ಕೊರೆಸಿದ. ವಾರಿಜಕ್ಕ ಒಂದು ದಿನ ಅಲ್ಲಿಯ ನೀರನ್ನು ಬಾಟಲಿಯಲ್ಲಿ ತಂದು ನನ್ನ ಮೇಜಿನ ಮೇಲಿಟ್ಟಳು. "ಸುಮ್ಮನೆ ನೋಡಿ ಸರ್" ಎಂದಳು. ನೋಡಿದರೆ ಆರ್ಸೆನಿಕ್ ಮಿತಿಗಿಂತ ಎಂಟು ಪಟ್ಟು ಹೆಚ್ಚಿತ್ತು. ಬೇರೆ ನೀರಿನ ವ್ಯವಸ್ಥೆ ಆಗುವವರೆಗೆ ಎಂದು ಲ್ಯಾಬಿನಿಂದಲೇ ಒಂದು ಫಿಲ್ಟರ್ ಮಾಡಿಕೊಟ್ಟೆವು. ಜೋಡಿಸಿದವನು ನಾನು.

ವರ್ಷ ಕಳೆಯಿತು. ನವ್ಯಶ್ರೀಗೆ ಏಳು ತಿಂಗಳು ತುಂಬಿತು, ಬಯಕೆಗೆ, ಅಂದರೆ ಸೀಮಂತಕ್ಕೆ, ದಿನ ಗೊತ್ತಾಯಿತು. ಮುನ್ನಾದಿನ ನಾನು ಕೆಲಸದ ಗಡಿಬಿಡಿಯಲ್ಲಿದ್ದಾಗ ರೂಪೇಶನ ತಾಯಿ ಸುಗಂಧಿಯಮ್ಮ ಫೋನ್ ಮಾಡಿದರು.

"ಸರ್, ಫಿಲ್ಟರಲ್ಲಿ ನೀರು ಭಾರಿ ನಿಧಾನ ಬರ್ತದೆ. ಎಂತ ಮಾಡುವುದು?"

"ತೊಳೆಯಿರಿ, ಸರಿ ಆಗ್ತದೆ" ಎಂದು ಫೋನಿಟ್ಟೆ. ಬರೀ ನೀರಲ್ಲಿ ತೊಳೆಯಿರಿ ಎನ್ನಲು ಇನ್ನೆರಡು ಮಾತು ಸಾಕಿತ್ತು. ಆಡಲಿಲ್ಲ.

ಮರುದಿನ ವಾರಿಜಕ್ಕ ಸೀರೆ, ಮಲ್ಲಿಗೆ, ತಿಂಡಿಯ ತಟ್ಟೆ ಹಿಡಿದು ಮಗಳನ್ನು ಹೆರಿಗೆಗೆ ತವರಿಗೆ ಕರೆತರಲು ಕಾರ್ಕಳಕ್ಕೆ ಹೋದಳು. ನಾನೂ ಜತೆಗೆ ಹೋಗಿದ್ದೆ. ಅಂಗಳದ ತುಂಬ ಜನ. ಫಿಲ್ಟರಿನ ನೀರಲ್ಲೇ ಬೆಲ್ಲದ ಪಾನಕ ಮಾಡಿ ದೊಡ್ಡ ಹಂಡೆಯಲ್ಲಿ ತುಂಬಿಸಿಟ್ಟಿದ್ದರು, ಇನ್ನೂ ಹಂಚಿರಲಿಲ್ಲ. ನವ್ಯಶ್ರೀ ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. ಸೆಕೆಗೆ ಬೆವೆತು ನೀರು ಕೇಳಿದಳು. ಯಾರೋ ಸ್ಟೀಲಿನ ಲೋಟ ಕೊಟ್ಟರು.

ಸುಗಂಧಿಯಮ್ಮ ಇತ್ತ ನಮಗೂ ನೀರು ತಂದರು. "ಕುಡಿಯಿರಿ ವಾರಿಜಕ್ಕಾ. ನಮ್ಮದು ಮೀನಿನವರ ಮನೆ, ಬಂದವರಿಗೆ ನೀರು ವಾಸನೆ ಬರ್ಬಾರ್ದಲ್ವಾ? ಫಿಲ್ಟರಿನ ಕಾಳೆಲ್ಲ ತೆಗೆದು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತೊಳೆದಿದ್ದೇನೆ. ಮೀನಿನ ಬಾಕ್ಸ್ ತೊಳೀತೇವಲ್ಲ, ಹಾಗೆಯೇ. ಈಗ ನೀರು ಸೊಯ್ಯಂತ ಬರ್ತದೆ."

ಒಳ್ಳೆಯದಾಯಿತು ಎಂದು ನಾನು ತಲೆಯಾಡಿಸಿದೆ. ಡಿಗ್ರಿ ಇರುವ ತಲೆ ಅದು. ಇದನ್ನು ಬರೆಯುವಾಗಲೂ ಆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಎನಿಸುತ್ತದೆ.

ವಾರಿಜಕ್ಕನ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು. ಮೂರು ಹೆಜ್ಜೆಯಲ್ಲಿ ಅಂಗಳ ದಾಟಿದಳು. ನವ್ಯಶ್ರೀಯ ತುಟಿಗೆ ಲೋಟ ಮುಟ್ಟಿತ್ತು, ಒಂದು ಗುಟುಕು ಒಳಗೂ ಹೋಗಿತ್ತು. ವಾರಿಜಕ್ಕ ಬಲಗೈ ಬೀಸಿ ಲೋಟಕ್ಕೂ ಬಾಯಿಗೂ ಒಟ್ಟಿಗೆ ಹೊಡೆದಳು. ಲೋಟದ ಅಂಚು ತಾಗಿ ಹುಡುಗಿಯ ಮೇಲ್ದುಟಿ ಸೀಳಿತು, ಹಸಿರು ಸೀರೆಯ ಮೇಲೆ ರಕ್ತ ಸುರಿಯಿತು. "ಉಗುಳು! ಉಗುಳೇ!" ಎಂದು ಅರಚುತ್ತಾ ದವಡೆ ಹಿಡಿದು ಬಾಯಿ ತೆರೆಸಿ, ಗಂಟಲೊಳಗೆ ಎರಡು ಬೆರಳು ತುರುಕಿದಳು. ನವ್ಯಶ್ರೀ ಒದ್ದಾಡಿದಳು, ಬೆರಳು ಕಚ್ಚಿದಳು, ಕೊನೆಗೆ ವಾಂತಿ ಮಾಡಿದಳು.

"ಅತ್ತೆ, ನಿಮಗೆ ಹುಚ್ಚಾ?" ರೂಪೇಶ್ ಓಡಿಬಂದು ವಾರಿಜಕ್ಕನ ಜಡೆ ಹಿಡಿದೆಳೆದು ಬಿಸಾಡಿದ. ಜಗಲಿಯ ಕಂಬಕ್ಕೆ ಹಣೆ ಬಡಿದು ಹುಬ್ಬು ಒಡೆಯಿತು. ಯಾರೋ ಒದ್ದರು. ಅವಳು ಕೈಕಾಲೂರಿ ಎದ್ದು ನೇರ ಪಾನಕದ ಹಂಡೆಯ ಕಡೆಗೆ ಹೋದಳು. ಅಡುಗೆಯವನು ಉದ್ದ ಹಿಡಿಯ ಸೌಟಿನಿಂದ ಅವಳ ಬೆನ್ನಿಗೆ ಬಾರಿಸಿದ, ಮತ್ತೆ ಬಾರಿಸಿದ. ಅವಳು ತಿರುಗಿ ನೋಡಲಿಲ್ಲ. ಹಂಡೆಗೆ ಭುಜ ಕೊಟ್ಟು ದೂಡಿದಳು. ಪಾನಕ ಅಂಗಳದ ತುಂಬ ಹರಿದು ಕೆಂಪು ಕೆಸರಾಯಿತು. ಅದರಲ್ಲೇ ಜಾರಿ ಬಿದ್ದವಳಿಗೆ ಉಸಿರು ಸಿಗುತ್ತಿರಲಿಲ್ಲ. "ಸೋಡಾ... ಸೋಡಾ..." ಎಂದಷ್ಟೇ ಹೇಳುತ್ತಿದ್ದಳು.

ಆಗ ನನಗೆ ತಿಳಿಯಿತು. ವರ್ಷವಿಡೀ ಕಾಳು ನುಂಗಿದ ವಿಷ ಸೋಡಾಕ್ಕೆ ಬಿಟ್ಟುಕೊಂಡು, ಕಾಳಿನಲ್ಲೇ ಉಳಿದ ಸೋಡಾದ ಜತೆ ಈಗ ಕುಡಿಯುವ ನೀರಿಗಿಳಿದಿತ್ತು. "ಯಾರೂ ನೀರು ಮುಟ್ಟಬೇಡಿ! ವಿಷ ಉಂಟು!" ಎಂದು ಬೊಬ್ಬೆ ಹಾಕಿದೆ. ಸೌಟು ಗಾಳಿಯಲ್ಲೇ ನಿಂತಿತು.

"ತೊಳೆಯಲಿಕ್ಕೆ ಹೇಳಿದ್ದು ಕ್ಲಾರೆನ್ಸ್ ಸರ್ ಅಲ್ವಾ? ನಿನ್ನೆ ಫೋನಲ್ಲಿ?" ಸುಗಂಧಿಯಮ್ಮ ಅಳುತ್ತಾ ಕೇಳಿದರು.

ವಾರಿಜಕ್ಕ ಕೆಸರಿನಿಂದೆದ್ದು ನನ್ನ ಎದುರು ಬಂದು ನಿಂತಳು. ಒಂದು ಕಣ್ಣು ರಕ್ತದಿಂದ ಮುಚ್ಚಿತ್ತು. ಬಲಗೈ ಮುಷ್ಟಿ ಬೀಸಿದಳು. ಹಲ್ಲು ಹೋದದ್ದು ಆಗ.

ಆಸ್ಪತ್ರೆಯಲ್ಲಿ ನವ್ಯಶ್ರೀಯನ್ನು ಎರಡು ದಿನ ಇಟ್ಟುಕೊಂಡು, ತಾಯಿಗೂ ಮಗುವಿಗೂ ತೊಂದರೆಯಿಲ್ಲ ಎಂದರು. ತುಟಿಗೆ ಮೂರು ಹೊಲಿಗೆ ಬಿತ್ತು. ನಾನು ಆ ನೀರನ್ನು ಪರೀಕ್ಷಿಸಿದೆ. ಮಿತಿಗಿಂತ ಐನೂರು ಪಟ್ಟು. ರೂಪೇಶ್ ಕಾಪುವಿಗೆ ಬಂದು ಅತ್ತೆಯ ಕಾಲು ಹಿಡಿದ. "ಬಿಡು ಮಾರಾಯ, ನನ್ನ ಮಗಳಿಗೆ ಹೊಡೆದವಳನ್ನು ನೀನು ಹೊಡೆದದ್ದು" ಎಂದು ಅವಳು ಅವನನ್ನು ಎಬ್ಬಿಸಿದಳು.

ವಾರದ ನಂತರ ವರದಿಯ ಕಾಗದ ಹಿಡಿದು ನಾನೂ ಹೋದೆ. ನವ್ಯಶ್ರೀ ತವರಿನ ಜಗಲಿಯಲ್ಲಿ ಕುಳಿತಿದ್ದಳು. ವಾರಿಜಕ್ಕ ಕಾಗದವನ್ನು ನೋಡಲೇ ಇಲ್ಲ.

"ಕೂಗಿದ್ರೆ ಸಾಕಿತ್ತಲ್ವಾ ಸರ್?" ಎಂದು ಕೇಳಿದಳು.

"ಲೋಟ ಬಾಯಲ್ಲೇ ಇತ್ತಲ್ಲ ವಾರಿಜಕ್ಕ. ಕೂಗಿದ್ರೆ ಅಷ್ಟರಲ್ಲಿ ಕುಡಿದಾಗ್ತಿತ್ತು."

"ಹೌದಮ್ಮ, ನನಗೆ ಗೊತ್ತುಂಟು. ನೀನು ಅದನ್ನೇ ಯೋಚನೆ ಮಾಡ್ಬೇಡ" ಎಂದಳು ನವ್ಯಶ್ರೀ ಹೊಲಿಗೆಯ ತುಟಿಯಲ್ಲಿ. ಮನಸ್ಸಿನಿಂದಲೇ ಹೇಳಿದಳು. ವಾರಿಜಕ್ಕನ ಮುಖ ಸ್ವಲ್ಪ ಸಡಿಲವಾಯಿತು. ಕಣ್ಣೊರಸಿಕೊಳ್ಳಲು ಮಗಳ ತಲೆಯಿಂದ ಮೇಲೆ ಹಗ್ಗದಲ್ಲಿ ಒಣಹಾಕಿದ್ದ ಬೈರಾಸು ಟವೆಲಿಗೆ ಕೈ ಎತ್ತಿದಳು.

ನವ್ಯಶ್ರೀ ಎರಡೂ ಕೈಗಳಿಂದ ಹೊಟ್ಟೆಯನ್ನು ತಬ್ಬಿಕೊಂಡು ಗೋಡೆಗೆ ಮುಖ ತಿರುಗಿಸಿದಳು.

ಅವಳಿಗೇ ಅದು ಗೊತ್ತಾಗಲಿಲ್ಲ. ಮೈ ತಾನಾಗಿ ತಿರುಗಿತ್ತು. ಎತ್ತಿದ ಕೈ ಹಾಗೆಯೇ ನಿಂತಿತು. ವಾರಿಜಕ್ಕ ಆ ಬೆನ್ನನ್ನೇ ನೋಡುತ್ತಿದ್ದಳು. ಇಪ್ಪತ್ತೇಳು ವರ್ಷದ ಹಿಂದೆ ಅದೇ ಗೋಡೆಗೆ ಮುಖ ಮಾಡಿ ಕುಳಿತವಳು ಅವಳು. ಆಮೇಲೆ ಕೈಯನ್ನು ಬಹಳ ನಿಧಾನವಾಗಿ ಇಳಿಸಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಈಗ ನವ್ಯಶ್ರೀಯ ಹೆಣ್ಣುಮಗುವಿಗೆ ಆರು ತಿಂಗಳು. ವಾರಿಜಕ್ಕ ಲ್ಯಾಬಿಗೆ ಬರುತ್ತಾಳೆ, ಕಾಳು ತೊಳೆಯುತ್ತಾಳೆ, ಕೆಂಪು ಕ್ಯಾನಿಗೆ ಬೀಗ ಹಾಕುತ್ತಾಳೆ. ಆದರೆ ಕೈ ಎತ್ತುವ ಮೊದಲು ಹೇಳುತ್ತಾಳೆ. "ಸರ್, ಮೇಲಿನ ಬೀಕರ್ ತೆಗೀತೇನೆ" ಎಂದು ಹೇಳಿ ಒಂದು ಕ್ಷಣ ಕಾದು ತೆಗೆಯುತ್ತಾಳೆ. ಮನೆಯಲ್ಲೂ ಹಾಗೆಯೇ. ಕಳೆದ ಭಾನುವಾರ ನಾನು ಹೋದಾಗ ಮಗು ಚಾಪೆಯ ಮೇಲೆ ಅಳುತ್ತಿತ್ತು. ವಾರಿಜಕ್ಕ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕುಳಿತಿದ್ದಳು.

"ನವ್ಯಾ, ನಾನು ಮಗು ಎತ್ತಿಕೊಳ್ತೇನೆ" ಎಂದಳು.

ಒಳಗಿನಿಂದ ಮಗಳು ಹೂಂ ಎನ್ನುವವರೆಗೆ ಕಾದಳು.